ಇನ್ನೊಂದು ವರ್ಷ

ಕಮ್ಮನಹಳ್ಳಿಯ ಮುಖ್ಯರಸ್ತೆಯ ಗದ್ದಲವನ್ನು ಹಿಂದಿಕ್ಕಿ ಒಳಗಿನ ಅಡ್ಡರಸ್ತೆಗಳಲ್ಲೊಂದಕ್ಕೆ ತಿರುಗಿದರೆ ಸಿಗಬಹುದಾದಂಥ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಕೆಳಗಡೆ ಬಾಡಿಗೆಯವರು, ಮೇಲುಗಡೆ ಮನೆಯವರು. ಯಜಮಾನರು ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಮಗಳು ಒಂದು ಕಂಪನಿಯ ಲೆಕ್ಕಪತ್ರದ ವಿಭಾಗದಲ್ಲಿದ್ದಾಳೆ. ಮಗನಿಗೆ ಇಪ್ಪತ್ತಮೂರು ತುಂಬಿದೆ, ಬಿ.ಕಾಂ. ಮುಗಿದು ಎರಡು ವರ್ಷವಾಯಿತು. ಅವನೇನು ಮಾಡುತ್ತಿದ್ದಾನೆಂದು ನೆಂಟರು ಕೇಳಿದರೆ ತಾಯಿ "ಕ್ರಿಕೆಟ್ ಆಡ್ತಾನೆ" ಎನ್ನುತ್ತಾರೆ, ತಂದೆ "ಕೆಲಸ ಹುಡುಕ್ತಿದಾನೆ" ಎನ್ನುತ್ತಾರೆ. ಎರಡೂ ಸುಳ್ಳಲ್ಲ, ಎರಡೂ ಪೂರ್ತಿ ನಿಜವೂ ಅಲ್ಲ.

ಬೆಳಗಿನ ಐದು ಗಂಟೆಗೆ ಅವನು ಎದ್ದು ಕಿಟ್ಟಿನ ಚೀಲ ಹೊತ್ತು ಹೊರಡುತ್ತಾನೆ. ಲೀಗ್ ಪಂದ್ಯಗಳಲ್ಲಿ ಹೆಸರಿದೆ. ರಾಜ್ಯ ತಂಡದ ಸಂಭವನೀಯರ ಪಟ್ಟಿಯ ಅಂಚಿನವರೆಗೂ ಒಮ್ಮೆ ಹೋಗಿ ಬಂದದ್ದುಂಟು. ಅಷ್ಟೇ. ರಾತ್ರಿ ಊಟದ ಹೊತ್ತಿಗೆ ಮಾತು ಬರುತ್ತದೆ.

"ಇನ್ನೊಂದು ವರ್ಷ ಅಪ್ಪಾ."

"ಹೋದ ವರ್ಷವೂ ಇದೇ ಮಾತಾಡಿದ್ದೆ ಕಣಯ್ಯಾ."

ತಾಯಿ ಅನ್ನ ಬಡಿಸುವ ಸೌಟನ್ನು ಮೇಲೆತ್ತಿ ಮಧ್ಯಸ್ಥಿಕೆ ವಹಿಸುತ್ತಾರೆ. ಮಗಳು ತಲೆ ತಗ್ಗಿಸಿ ಉಣ್ಣುತ್ತಾಳೆ. ಮಾತು ಅಲ್ಲಿಗೆ ನಿಲ್ಲುತ್ತದೆ, ತೀರ್ಮಾನವಾಗುವುದಿಲ್ಲ. ಕ್ರಿಕೆಟ್ಟಿನ ಜಾಗದಲ್ಲಿ ನಾಟಕವನ್ನೋ ಸಂಗೀತವನ್ನೋ ಸಿನಿಮಾವನ್ನೋ ಐ.ಎ.ಎಸ್. ಪರೀಕ್ಷೆಯನ್ನೋ ಇಟ್ಟುಕೊಂಡರೆ ಈ ಮನೆ ಕಮ್ಮನಹಳ್ಳಿಯಲ್ಲಿ ಮಾತ್ರವಲ್ಲ, ರಾಜಾಜಿನಗರದಲ್ಲಿಯೂ ಹುಬ್ಬಳ್ಳಿಯಲ್ಲಿಯೂ ಇದೆ.

ಇಂಥ ಸಂದರ್ಭದಲ್ಲಿ ಮಗನ ಕೈಯಲ್ಲಿ ಸದಾ ಒಂದು ಉದಾಹರಣೆ ಸಿದ್ಧವಾಗಿರುತ್ತದೆ. ಕಮ್ಮನಹಳ್ಳಿಯಿಂದ ರೈಲುಹಳಿ ದಾಟಿ ದಕ್ಷಿಣಕ್ಕೆ ಹೋದರೆ ಇಂದಿರಾನಗರ. ಅಲ್ಲಿ ಬೆಳೆದವರು ರಾಹುಲ್ ದ್ರಾವಿಡ್. 1991ರ ಫೆಬ್ರವರಿಯಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಪುಣೆಯಲ್ಲಿ ಮಹಾರಾಷ್ಟ್ರದ ವಿರುದ್ಧ ಮೊದಲ ರಣಜಿ ಪಂದ್ಯವಾಡಿದ ಅವರು ಭಾರತ ತಂಡ ಸೇರಿದ್ದು 1996ರಲ್ಲಿ. ಲಾರ್ಡ್ಸ್ ಮೈದಾನದ ಆ ಮೊದಲ ಟೆಸ್ಟ್ ಪಂದ್ಯದ 95 ಓಟಗಳನ್ನು ಬೆಂಗಳೂರಿನವರು ಇನ್ನೂ ಮರೆತಿಲ್ಲ. "ಅವರೂ ಐದು ವರ್ಷ ಕಾಯಲಿಲ್ಲವೇ?" ಎಂಬ ಪ್ರಶ್ನೆಗೆ ತಂದೆಯ ಬಳಿ ಉತ್ತರವಿರುವುದಿಲ್ಲ.

ಉತ್ತರ ಇದೆ. ಆ ಐದು ವರ್ಷಗಳು ಬರಿದೆ ಕಾದ ವರ್ಷಗಳಾಗಿರಲಿಲ್ಲ. ಮೊದಲ ರಣಜಿ ಪಂದ್ಯದಲ್ಲಿಯೇ 82 ಓಟ. ಮುಂದಿನ ಋತುವಿನಲ್ಲಿ ಶತಕಗಳು. ಋತುವಿಂದ ಋತುವಿಗೆ ಕರ್ನಾಟಕ ತಂಡದಲ್ಲಿ ಗಟ್ಟಿಯಾಗುತ್ತ ಬಂದ ಸ್ಥಾನ. ಜೊತೆಗೆ ಸೇಂಟ್ ಜೋಸೆಫ್ ವಾಣಿಜ್ಯ ಕಾಲೇಜಿನ ಬಿ.ಕಾಂ. ಮುಗಿದಿತ್ತು, ಭಾರತ ತಂಡಕ್ಕೆ ಕರೆ ಬಂದಾಗ ಅವರು ಎಂ.ಬಿ.ಎ. ಓದುತ್ತಿದ್ದರು. ತಾಯಿ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ವಾಸ್ತುಶಿಲ್ಪದ ಪ್ರಾಧ್ಯಾಪಕಿ, ತಂದೆಗೂ ಕಂಪನಿಯೊಂದರಲ್ಲಿ ನೌಕರಿ. ಮಗನ ಸಂಬಳದಿಂದ ಒಲೆ ಉರಿಯಬೇಕಾದ ಮನೆ ಅದಲ್ಲ. ಪ್ರತಿಯೊಂದು ವರ್ಷವೂ ಅವರ ಪ್ರಶ್ನೆಗೆ "ಹೌದು" ಎಂಬ ಉತ್ತರವನ್ನೇ, ಇನ್ನೂ ಪೂರ್ತಿಯಲ್ಲದಿದ್ದರೂ, ಕೊಡುತ್ತಿತ್ತು. ಅವರ ಕಥೆಯಿಂದ ಐದು ವರ್ಷ ಎಂಬ ಅಂಕಿಯೊಂದನ್ನೇ ಕಿತ್ತು ತಂದು ಊಟದ ಹಲಗೆಯ ಮೇಲೆ ಇಡುವುದು ನ್ಯಾಯವಲ್ಲ.

ಗೆದ್ದವರ ಕಥೆಗಳಲ್ಲಿ ಈ ತೊಡಕು ಯಾವಾಗಲೂ ಇದ್ದದ್ದೇ. 1932ರಿಂದ ಇಂದಿನವರೆಗೆ ಭಾರತದ ಪರವಾಗಿ ಟೆಸ್ಟ್ ಆಡಿದ ಪುರುಷರ ಸಂಖ್ಯೆ ಮುನ್ನೂರಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ತೊಂಬತ್ತು ವರ್ಷಗಳ ಒಂದು ದೇಶದ ಸಮಸ್ತ ಆಸೆ ಆ ಮುನ್ನೂರು ಚಿಲ್ಲರೆ ಟೋಪಿಗಳಲ್ಲಿ ಅಡಗಬೇಕು. ಟೋಪಿ ಸಿಕ್ಕವರು ತಮ್ಮ ಕಥೆ ಹೇಳುತ್ತಾರೆ, ಪತ್ರಿಕೆಗಳು ಬರೆಯುತ್ತವೆ. ಸಿಗದವರು ಎಲ್ಲೋ ಒಂದು ಕಚೇರಿಯಲ್ಲಿ ಕಡತ ನೋಡುತ್ತಿರುತ್ತಾರೆ, ಅವರನ್ನು ಮಾತನಾಡಿಸುವವರಾರು?

ಹಾಗಾದರೆ ಬಿಟ್ಟುಬಿಡುವುದೇ ಜಾಣತನವೋ? ಅದೂ ಅಷ್ಟು ಸುಲಭದ ಮಾತಲ್ಲ. ಇಲ್ಲಿ ನೆನೆಯಬೇಕಾದವರು ನಮ್ಮವರೇ ಆದ ಇ.ಎ.ಎಸ್. ಪ್ರಸನ್ನ.

1962ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ ಪ್ರಸನ್ನರು ತಮ್ಮ ಮೊದಲ ಟೆಸ್ಟ್ ಆಡಿದಾಗ ಅವರಿಗೆ ಇಪ್ಪತ್ತೊಂದು ವರ್ಷ. ಮೈಸೂರಿನ ರಾಷ್ಟ್ರೀಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯಾರ್ಥಿ. ಆ ಬೆನ್ನಿಗೇ ವೆಸ್ಟ್ ಇಂಡೀಸ್ ಪ್ರವಾಸದ ತಂಡದಲ್ಲಿ ಹೆಸರು ಬಂತು. ಅಂದಿನ ತಂದೆಯರ ಮನಸ್ಸನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಓದುವ ಹುಡುಗ ತಿಂಗಳುಗಟ್ಟಲೆ ಕಡಲಾಚೆ ಆಟಕ್ಕೆ ಹೋಗುವುದೇ? ಪಂದ್ಯವೊಂದಕ್ಕೆ ಸಿಗುತ್ತಿದ್ದ ಹಣ ನೂರರ ಲೆಕ್ಕದ್ದು. ಅದರಿಂದ ಸಂಸಾರ ನಡೆಯುವಂತಿರಲಿಲ್ಲ. ಹಿಂದಿರುಗಿ ಬಂದು ಪದವಿ ಮುಗಿಸಬೇಕೆಂಬ ಮಾತಿನ ಮೇಲೆ ಒಪ್ಪಿಗೆ ದೊರೆಯಿತು.

ಆ ಪ್ರವಾಸ ಹೇಗಾಯಿತೆಂಬುದು ಎಲ್ಲರೂ ಬಲ್ಲ ಕಥೆ. ಐದಕ್ಕೆ ಐದು ಟೆಸ್ಟುಗಳಲ್ಲಿ ಭಾರತಕ್ಕೆ ಸೋಲು. ನಾಯಕ ನಾರಿ ಕಾಂಟ್ರಾಕ್ಟರರ ತಲೆಗೆ ಗ್ರಿಫಿತ್ ಎಸೆದ ಚೆಂಡು ಬಡಿದು ಅವರ ಪ್ರಾಣಕ್ಕೇ ಅಪಾಯವಾಯಿತು. ಇಪ್ಪತ್ತೊಂದರ ಪಟೌಡಿ ನಾಯಕರಾದರು. ಇದೆಲ್ಲ ಮುಗಿದು ಊರಿಗೆ ಬಂದ ಪ್ರಸನ್ನರ ಪಾಲಿಗೆ ತಂದೆ ಉಳಿಯಲಿಲ್ಲ. ಮಾತು ಕೊಟ್ಟದ್ದು ಯಾರಿಗೋ ಅವರೇ ಇಲ್ಲವಾದಾಗ ಆ ಮಾತು ಸಡಿಲವಾಗುತ್ತದೆಯೋ, ಇನ್ನೂ ಬಿಗಿಯಾಗುತ್ತದೆಯೋ? ಪ್ರಸನ್ನರ ವಿಷಯದಲ್ಲಿ ಬಿಗಿಯಾಯಿತು. ಅವರು ಚೆಂಡನ್ನು ಕೆಳಗಿಟ್ಟು ಪುಸ್ತಕ ಹಿಡಿದರು.

ಐದು ವರ್ಷ ಅವರ ಹೆಸರು ಟೆಸ್ಟ್ ತಂಡದಲ್ಲಿ ಕಾಣಲಿಲ್ಲ. ಇಪ್ಪತ್ತೆರಡರಿಂದ ಇಪ್ಪತ್ತಾರರವರೆಗಿನ ಐದು ವರ್ಷ! ಆಟಗಾರನಿಗೆ ಅವು ಹೊಲಕ್ಕೆ ಮುಂಗಾರಿನ ದಿನಗಳಿದ್ದಂತೆ. ಆಟ ಅವರಿಗಾಗಿ ನಿಂತು ಕಾಯಲೂ ಇಲ್ಲ. 1964ರಲ್ಲಿ ಬೆಂಗಳೂರಿನವರೇ ಆದ ಚಂದ್ರಶೇಖರ್ ತಂಡಕ್ಕೆ ಬಂದರು. 1965ರಲ್ಲಿ ಮದರಾಸಿನ ವೆಂಕಟರಾಘವನ್ ಬಂದರು. ವೆಂಕಟರಾಘವನ್ನರದೂ ಪ್ರಸನ್ನರದೂ ಒಂದೇ ಬಗೆಯ ಎಸೆತ, ಆಫ್ ಸ್ಪಿನ್. ದೆಹಲಿಯಲ್ಲಿ ನ್ಯೂಜಿಲೆಂಡಿನ ವಿರುದ್ಧ ಒಂದೇ ಪಂದ್ಯದಲ್ಲಿ ಹನ್ನೆರಡು ವಿಕೆಟ್ ಕಿತ್ತರು. ತಾನು ಬಿಟ್ಟುಬಂದ ಕುರ್ಚಿಯಲ್ಲಿ ಇನ್ನೊಬ್ಬನು, ಅದೂ ಅಷ್ಟು ಚೆನ್ನಾಗಿ, ಕುಳಿತಿರುವುದನ್ನು ಪತ್ರಿಕೆಯಲ್ಲಿ ಓದಿ ಮತ್ತೆ ಯಂತ್ರಶಾಸ್ತ್ರದ ಪಾಠಕ್ಕೆ ಕೂರುವುದು ಎಂಥ ಕೆಲಸವೆಂಬುದನ್ನು ವಾಚಕರೇ ಊಹಿಸಬೇಕು. (ವೆಂಕಟರಾಘವನ್ನರೂ ಇಂಜಿನಿಯರೇ. ಅಂದಿನ ದಕ್ಷಿಣದ ಮನೆಗಳಲ್ಲಿ ಚೆಂಡು ತಿರುಗಿಸಬೇಕಾದರೂ ಮೊದಲು ಪದವಿ ಪಡೆಯಬೇಕಾಗಿತ್ತೆಂದು ತೋರುತ್ತದೆ.)

1967ರ ಜನವರಿಯಲ್ಲಿ ಪ್ರಸನ್ನರು ಮರಳಿ ಟೆಸ್ಟ್ ಆಡಿದರು. ಊರು ಅದೇ ಮದರಾಸು. ಎದುರಾಳಿ ಅದೇ ವೆಸ್ಟ್ ಇಂಡೀಸ್. ಮುಂದಿನ ಚಳಿಗಾಲದ ಪ್ರವಾಸದಲ್ಲಿ ಆಸ್ಟ್ರೇಲಿಯದಲ್ಲಿ 25, ನ್ಯೂಜಿಲೆಂಡಿನಲ್ಲಿ 24 ವಿಕೆಟ್. 1968ರಲ್ಲಿ ಭಾರತ ವಿದೇಶದ ನೆಲದಲ್ಲಿ ಗೆದ್ದ ಮೊದಲ ಸರಣಿ ಅದು. ಇಪ್ಪತ್ತೇ ಟೆಸ್ಟುಗಳಲ್ಲಿ ನೂರು ವಿಕೆಟ್. ಒಟ್ಟು 49 ಟೆಸ್ಟುಗಳಲ್ಲಿ 189. 1974ರಲ್ಲಿ ಹದಿನೈದು ವರ್ಷ ಎಡೆಬಿಡದೆ ರಣಜಿ ಗೆದ್ದಿದ್ದ ಬೊಂಬಾಯಿಯನ್ನು ಬೆಂಗಳೂರಿನಲ್ಲಿ ತಡೆದು, ಕರ್ನಾಟಕಕ್ಕೆ ಮೊದಲ ರಣಜಿ ಕಿರೀಟ ತಂದ ತಂಡದ ನಾಯಕರೂ ಅವರೇ.

ಈ ಕಥೆಯನ್ನು ಕೇಳಿ ಕಮ್ಮನಹಳ್ಳಿಯ ತಂದೆ "ನೋಡಿದೆಯಾ, ಮೊದಲು ಓದು, ಆಮೇಲೆ ಆಟ" ಎಂದಾರು. ಮಗನು "ನೋಡಿದಿರಾ, ಕೊನೆಗೂ ಆಟವೇ ಗೆದ್ದಿತು" ಎಂದಾನು. ಒಂದೇ ಕಥೆಯನ್ನು ಇಬ್ಬರೂ ತಮ್ಮ ಕಡೆಗೆ ಎಳೆದುಕೊಳ್ಳುವರು. ಆದರೆ ಪ್ರಸನ್ನರ ಬಾಳಿನಲ್ಲಿ ಗಮನಿಸಬೇಕಾದದ್ದು ಯಾರು ಗೆದ್ದರೆಂಬುದಲ್ಲ. ಹಿಡಿದೇ ಇರುವುದು ಇಲ್ಲವೇ ಬಿಟ್ಟೇಬಿಡುವುದು, ಇವೆರಡೇ ದಾರಿ ಎಂದು ನಾವು ನಂಬಿ ಜಗಳವಾಡುತ್ತೇವೆ. ಕೆಳಗಿಡುವುದು ಎಂಬ ಮೂರನೆಯದೊಂದು ಇದೆ: ಇಂಥ ಕಾರಣಕ್ಕೆ, ಇಂಥ ಕೆಲಸ ಮುಗಿಯುವವರೆಗೆ ಎಂದು ಲೆಕ್ಕ ಹೇಳಿ ಕೆಳಗಿಡುವುದು. ಇದರಲ್ಲಿ ಅದೃಷ್ಟದ ಪಾಲೂ ಇತ್ತೆಂಬುದನ್ನು ಮುಚ್ಚಿಡಬಾರದು. ನಿಧಾನದ ಎಸೆತಗಾರನ ಕೈ ಇಪ್ಪತ್ತಾರಕ್ಕೆ ಹಣ್ಣಾಗತೊಡಗುತ್ತದೆ. ವೇಗದ ಎಸೆತಗಾರನ ಬೆನ್ನು ಅಷ್ಟು ಹೊತ್ತಿಗೆ ದೂರು ಹೇಳತೊಡಗುತ್ತದೆ. ಆತನಿಗೆ ಐದು ವರ್ಷದ ವಿರಾಮ ಎಂದರೆ ಕೊನೆಯ ವಿದಾಯವೇ ಆಗಬಹುದು.

ಆದುದರಿಂದ ಕನಸುಗಳಲ್ಲಿಯೂ ಕಾಯುವವು, ಕಾಯದವು ಎಂದು ಭೇದವಿದೆ. ಮಾಸ್ತಿಯವರು ಮೈಸೂರು ಸರ್ಕಾರದ ಅಧಿಕಾರಿಯಾಗಿ ಹಗಲೆಲ್ಲ ದುಡಿದೇ ಕಥೆ ಬರೆದರು. 'ಚಿಕವೀರ ರಾಜೇಂದ್ರ' ಪ್ರಕಟವಾದಾಗ ಅವರಿಗೆ ಅರವತ್ತೈದರ ಪ್ರಾಯ, ಅದಕ್ಕೆ ಜ್ಞಾನಪೀಠ ಬಂದಾಗ ತೊಂಬತ್ತು ದಾಟಿತ್ತು. ಬರವಣಿಗೆ ಹಾಗೆ ಕಾಯುತ್ತದೆ, ಕೆಲವೊಮ್ಮೆ ಕಾದಷ್ಟೂ ಮಾಗುತ್ತದೆ. ಬರೆಯುವ ಹುಡುಗನೊಬ್ಬನು "ನೌಕರಿಗೆ ಸೇರಿದರೆ ನನ್ನ ಕಲೆ ಸತ್ತುಹೋಗುತ್ತದೆ" ಎಂದರೆ ಮನೆಯವರು ಅಷ್ಟಾಗಿ ಗಾಬರಿಯಾಗಬೇಕಾಗಿಲ್ಲ. ಓಡುವ, ಎಗರುವ, ಎಸೆಯುವ ಹುಡುಗನು ಅದೇ ಮಾತನ್ನಾಡಿದರೆ ಕಿವಿಗೊಡಬೇಕು. ಅವನ ಗಡಿಯಾರ ನಿಜವಾಗಿಯೂ ಓಡುತ್ತಿದೆ.

ಆದರೂ, ಟೋಪಿ ಸಿಗಲೇ ಇಲ್ಲವೆಂದಾದರೆ?

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊಟ್ಟಮೊದಲ ಟೆಸ್ಟ್ ಪಂದ್ಯ ನಡೆದದ್ದು 1974ರ ನವೆಂಬರಿನಲ್ಲಿ, ವೆಸ್ಟ್ ಇಂಡೀಸಿನ ಎದುರು. ಗ್ರೀನಿಜ್, ರಿಚರ್ಡ್ಸ್ ಇಬ್ಬರೂ ಟೆಸ್ಟಿಗೆ ಕಾಲಿಟ್ಟ ಪಂದ್ಯ. ಶಿಸ್ತಿನ ಕ್ರಮವೆಂದು ಬಿಷನ್ ಸಿಂಗ್ ಬೇಡಿಯವರನ್ನು ಆ ಟೆಸ್ಟಿನಿಂದ ಕೈಬಿಡಲಾಗಿತ್ತು. ಅವರ ಜಾಗಕ್ಕೆಂದು ಬಂದವರು ಹರಿಯಾಣದ ರಾಜಿಂದರ್ ಗೋಯಲ್, ಬೇಡಿಯವರಂತೆಯೇ ಎಡಗೈ ಸ್ಪಿನ್ ಎಸೆತಗಾರ. ವರ್ಷವರ್ಷವೂ ರಣಜಿಯಲ್ಲಿ ವಿಕೆಟ್ ರಾಶಿ ಹಾಕುತ್ತಿದ್ದರೂ ಬೇಡಿ ಇದ್ದಷ್ಟು ದಿನ ಬಾಗಿಲು ಮುಚ್ಚಿದ್ದೇ. ಆಗ ಅವರಿಗೆ ಮೂವತ್ತೆರಡು ವರ್ಷ. ಬಾಗಿಲು ತೆರೆದಿತ್ತು, ಹೊಸಿಲವರೆಗೂ ಬಂದಾಯಿತು. ಪಂದ್ಯದ ದಿನ ಹನ್ನೊಂದು ಹೆಸರುಗಳಲ್ಲಿ ಪ್ರಸನ್ನ, ವೆಂಕಟರಾಘವನ್, ಚಂದ್ರಶೇಖರ್ ಮೂವರೂ ಇದ್ದರು. ಗೋಯಲ್ ಹನ್ನೆರಡನೆಯವರಾದರು.

ಅಲ್ಲಿಂದ ಮುಂದೆ ಅವರಿಗೆ ಟೆಸ್ಟ್ ಆಡುವ ಯೋಗ ಬರಲೇ ಇಲ್ಲ. ಆದರೆ ಅವರು ಎಸೆಯುವುದನ್ನು ನಿಲ್ಲಿಸಲಿಲ್ಲ. ಇನ್ನೂ ಹತ್ತು ವರ್ಷ ಆಡಿದರು. ಪ್ರಥಮ ದರ್ಜೆಯ ಕ್ರಿಕೆಟ್ಟಿನಲ್ಲಿ 750 ವಿಕೆಟ್. ಅವುಗಳಲ್ಲಿ ರಣಜಿಯವು 637, ಆ ಪಂದ್ಯಾವಳಿಯ ದಾಖಲೆ. ಬೊಂಬಾಯಿಯ ಪದ್ಮಾಕರ ಶಿವಾಳ್ಕರರದೂ ಇದೇ ಹಾಡು: 589 ವಿಕೆಟ್, ಟೆಸ್ಟ್ ಒಂದೂ ಇಲ್ಲ. ಗಾವಸ್ಕರರು ತಮ್ಮ ಆದರ್ಶ ಆಟಗಾರರನ್ನು ಕುರಿತು ಬರೆದ ಪುಸ್ತಕದಲ್ಲಿ ಜಗತ್ತಿನ ಮಹಾ ಆಟಗಾರರ ಸಾಲಿನಲ್ಲಿ ಈ ಇಬ್ಬರನ್ನೂ ಸೇರಿಸಿದರು. 2017ರ ಮಾರ್ಚಿನಲ್ಲಿ ಕ್ರಿಕೆಟ್ ಮಂಡಳಿಯು ಇಬ್ಬರಿಗೂ ಜೀವಮಾನ ಸಾಧನೆಯ ಸಿ.ಕೆ. ನಾಯ್ಡು ಪ್ರಶಸ್ತಿ ಕೊಟ್ಟಿತು. ಸಮಾರಂಭ ನಡೆದದ್ದು ಬೆಂಗಳೂರಿನಲ್ಲಿ. ಹನ್ನೆರಡನೆಯವನಾಗಿ ನೀರು ತಂದುಕೊಟ್ಟ ಊರಿನಲ್ಲಿಯೇ, ನಲವತ್ತೆರಡು ವರ್ಷ ಕಳೆದ ಮೇಲೆ.

ಗೋಯಲರ ಕಥೆಯನ್ನು ಸೋಲಿನ ಕಥೆಯೆಂದು ಓದುವವರುಂಟು. ಹಾಗೆ ಓದಿದರೆ 637ನ್ನು ಎಲ್ಲಿಡುವುದು? ಟೋಪಿಯೇ ಅವರ ಕನಸಾಗಿದ್ದಿದ್ದರೆ ಆ ಬೆಳಗಿನ ಮೇಲೆ ಹತ್ತು ವರ್ಷ ಸಣ್ಣ ಊರುಗಳ ಬಿಸಿಲಿನಲ್ಲಿ, ನೋಡುವವರಿಲ್ಲದ ಮೈದಾನಗಳಲ್ಲಿ, ನಾಲ್ಕು ಹೆಜ್ಜೆ ಓಡಿಬಂದು ಎಸೆಯಲು ಮನಸ್ಸು ಬರುತ್ತಿರಲಿಲ್ಲ. ಕಮ್ಮನಹಳ್ಳಿಯ ಹುಡುಗನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಬಹುಶಃ ಇಲ್ಲಿದೆ. ಅವನಿಗೆ ಬೇಕಾದದ್ದು ಬೆಳಗಿನ ಐದು ಗಂಟೆಯ ಮೈದಾನವೋ, ಅಥವಾ ಅದರ ಕೊನೆಯಲ್ಲಿರುವ ದೂರದರ್ಶನದ ದೀಪಗಳೋ? ಮೊದಲನೆಯದಾದರೆ ಅದನ್ನು ಯಾರೂ ಕಸಿಯಲಾರರು, ನೌಕರಿಯೂ ಕಸಿಯಲಾರದು. ಎರಡನೆಯದಾದರೆ ಅದು ಅವನ ಕೈಯಲ್ಲಿಯೇ ಇಲ್ಲ, ಆಯ್ಕೆಗಾರರ ಕೈಯಲ್ಲಿದೆ.

ಇಲ್ಲಿ ತಂದೆಯ ಪಕ್ಷವನ್ನೂ ಕೇಳಬೇಕು. ಅವರು ಐ.ಟಿ.ಐ. ಸೇರಿದ ಕಾಲದಲ್ಲಿ ಆಟವಾಡುವವನಿಗೆ ಒಂದು ನೆಲೆಯಿತ್ತು. ಐ.ಟಿ.ಐ.ಗೂ ಎಚ್.ಎ.ಎಲ್.ಗೂ ಸ್ವಂತ ತಂಡಗಳಿದ್ದವು. ಹಲಸೂರು, ಆಸ್ಟಿನ್ ಟೌನ್‌ಗಳ ಕೇರಿಗಳಲ್ಲಿ ಬರಿಗಾಲಲ್ಲಿ ಫುಟ್‌ಬಾಲ್ ಒದ್ದು ಬೆಳೆದ ಹುಡುಗರಿಗೆ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರು ಬರೆಯಿಸುವ ದಾರಿ ಅದೇ ಚೆಂಡಾಗಿತ್ತು. ಗುಂಡಪ್ಪ ವಿಶ್ವನಾಥರು ಸ್ಟೇಟ್ ಬ್ಯಾಂಕಿನವರು; ಪ್ರಕಾಶ್ ಪಡುಕೋಣೆಯವರು ಯೂನಿಯನ್ ಬ್ಯಾಂಕಿನವರು. ಆಟ ಕೈಕೊಟ್ಟರೂ ತಿಂಗಳ ಒಂದನೆಯ ತಾರೀಕು ಕೈಕೊಡುತ್ತಿರಲಿಲ್ಲ. ಕನಸಿನ ಕೆಳಗೆ ಹೀಗೊಂದು ಬಲೆ ಹಾಸಿದ್ದ ಕಾಲದಲ್ಲಿ ಧೈರ್ಯ ಮಾಡುವುದು ಸುಲಭ. ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. 2002ರಲ್ಲಿ ಬಾಗಿಲು ಹಾಕಿತು, ಐ.ಟಿ.ಐ. ಹಿಂದಿನ ಐ.ಟಿ.ಐ. ಆಗಿ ಉಳಿಯಲಿಲ್ಲ. 2008ರಲ್ಲಿ ಐ.ಪಿ.ಎಲ್. ಬಂದ ಮೇಲೆ ಮೇಲಿನ ಮಹಡಿಯಲ್ಲಿ ಕೋಟಿಗಳು ಸುರಿದವು, ನಿಜ. ಆದರೆ ಹತ್ತು ತಂಡಗಳು, ತಂಡಕ್ಕೆ ಹೆಚ್ಚೆಂದರೆ ಇಪ್ಪತ್ತೈದು ಮಂದಿ, ಅದರಲ್ಲಿ ಎಂಟರವರೆಗೆ ಪರದೇಶದವರು. ಆ ಮಹಡಿಗೂ ನೆಲಕ್ಕೂ ನಡುವೆ ಇದ್ದ ಮೆಟ್ಟಿಲುಗಳೇ ಸವೆದುಹೋಗಿವೆ. ತಂದೆ ಹೆದರುವುದು ಮಗನ ಕನಸಿಗಲ್ಲ, ಬಲೆಯಿಲ್ಲದ ಹಗ್ಗಕ್ಕೆ. ಇನ್ನೊಂದು ಮಾತು: ಮಗನಲ್ಲಿ ಸತ್ವವಿದೆಯೇ ಎಂದು ತಂದೆ ಯಾರನ್ನು ಕೇಳಬೇಕು? ತಿಂಗಳು ತಿಂಗಳು ಶುಲ್ಕ ತೆಗೆದುಕೊಳ್ಳುವ ತರಬೇತಿ ಶಾಲೆ "ಇಲ್ಲ" ಎಂದು ಹೇಳುವುದು ಅಪರೂಪ. ಎದುರಾಳಿ ತಂಡದ ಹಳೆಯ ಆಟಗಾರನೊಬ್ಬನನ್ನು ಕೇಳಿದರೆ ನಿಜ ತಿಳಿದೀತು.

ಆ ಮನೆಯಲ್ಲಿ ಇದುವರೆಗೆ ಬಾಯಿಬಿಡದವಳು ಮಗಳು. ಅವಳು ಸಿ.ಎ. ಪರೀಕ್ಷೆಯ ಮೊದಲ ಹಂತ ದಾಟಿ, ಮುಂದಿನದನ್ನು "ಆಮೇಲೆ ನೋಡೋಣ" ಎಂದು ಬದಿಗಿಟ್ಟು ಸಂಬಳಕ್ಕೆ ಸೇರಿದವಳು. ತಮ್ಮನ ಎರಡು ವರ್ಷಗಳ ಖರ್ಚು ನಡೆದದ್ದು ತಂದೆಯ ಉಳಿತಾಯದಿಂದಲೂ ಅವಳ ಸಂಬಳದಿಂದಲೂ. ತಮ್ಮನದು ಕನಸು ಎಂದು ಮನೆಯಲ್ಲಿ ಕರೆಯುತ್ತಾರೆ. ಅವಳದಕ್ಕೆ ಹೆಸರೇ ಇಲ್ಲ. ಇದು ಹೊಸತಲ್ಲ. 1976ರಲ್ಲಿ ಇದೇ ಬೆಂಗಳೂರಿನಲ್ಲಿ ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಆಡಿದಾಗ ನಾಯಕಿಯಾಗಿದ್ದವರು ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿ. ಆ ಕಾಲದ ಹೆಣ್ಣುಮಕ್ಕಳಿಗೆ ಆಟದಿಂದ ಹಣವೆಂಬುದೇ ಇರಲಿಲ್ಲ. ಶಾಂತಾ ಅವರು ಕೆನರಾ ಬ್ಯಾಂಕಿನಲ್ಲಿ ದುಡಿದು ಜನರಲ್ ಮ್ಯಾನೇಜರ್ ಹುದ್ದೆಯವರೆಗೆ ಏರಿದರು. ಗೋಯಲರಿಗೆ ಪ್ರಶಸ್ತಿ ಬಂದ ಅದೇ 2017ರ ಸಮಾರಂಭದಲ್ಲಿ ಅವರಿಗೂ ಜೀವಮಾನ ಸಾಧನೆಯ ಪ್ರಶಸ್ತಿ ಬಂತು. ಮಂಡಳಿ ಆ ಗೌರವವನ್ನು ಮಹಿಳೆಗೆ ಕೊಟ್ಟದ್ದು ಅದೇ ಮೊದಲು. ತಮ್ಮ ಕನಸಿನ ಖರ್ಚನ್ನು ತಾವೇ ಹೊತ್ತವರು ಆ ಪೀಳಿಗೆಯವರು.

"ಇನ್ನೊಂದು ವರ್ಷ" ಎಂಬ ಮಾತಿನಲ್ಲಿ ದೋಷವಿರುವುದು ಇನ್ನೊಂದು ಎಂಬುದರಲ್ಲಿ. ಅದಕ್ಕೆ ಆರಂಭದ ದಿನವಿಲ್ಲ, ಮುಕ್ತಾಯದ ದಿನವಿಲ್ಲ. ಏನಾದರೆ ಮುಂದುವರಿಯುವುದು, ಏನಾಗದಿದ್ದರೆ ನಿಲ್ಲುವುದು ಎಂಬ ಕರಾರಿಲ್ಲ. ಯಾರ ಗಂಟಿನಿಂದ ಎಂಬ ಲೆಕ್ಕವಿಲ್ಲ. ಪ್ರಸನ್ನರು ತಂದೆಗೆ ಕೊಟ್ಟ ಮಾತಿನಲ್ಲಿ ಇವೆಲ್ಲ ಇದ್ದವು.

ಮತ್ತೆ ಆ ಮನೆಯ ಊಟದ ಹೊತ್ತಿಗೆ ಹೋದರೆ, ಸಾರು ಮುಗಿದು ಮಜ್ಜಿಗೆಗೆ ಬಂದಿರುತ್ತದೆ. ಎಂದೂ ಈ ಮಾತಿಗೆ ಬಾಯಿ ಹಾಕದ ಮಗಳು ಇಂದು ತಟ್ಟೆಯಿಂದ ತಲೆಯೆತ್ತಿ ಕೇಳುತ್ತಾಳೆಂದು ಇಟ್ಟುಕೊಳ್ಳೋಣ:

"ನಿನ್ನ ಒಂದು ವರ್ಷ ಮುಗಿಯೋದು ಯಾವ ತಿಂಗಳಿಗೋ?"

ಹುಡುಗನು ತಡವರಿಸುತ್ತಾನೆ. "ಸೀಸನ್ ಮುಗಿಯೋದು... ಮಾರ್ಚಿಗೆ."

"ಅಷ್ಟರಲ್ಲಿ ಏನಾಗಬೇಕು?"

"ರಾಜ್ಯದ ತಂಡದಲ್ಲಿ ಹೆಸರು ಬರಬೇಕು. ಹದಿನೈದರಲ್ಲಿ ಒಬ್ಬ ಆಗಬೇಕು."

"ಆಗದಿದ್ರೆ?"

ತಂದೆ ಕೈಯಲ್ಲಿದ್ದ ತುತ್ತನ್ನು ಹಾಗೆಯೇ ಹಿಡಿದು ಮಗನ ಮುಖ ನೋಡುತ್ತಾರೆ. ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಅವರು ಗದರಿಸಿ ಕೇಳಿದ್ದರೇ ಹೊರತು, ಉತ್ತರ ಬರಲೆಂದು ಸುಮ್ಮನೆ ಕುಳಿತು ಕಾದಿರಲಿಲ್ಲ.

"ಆಗದಿದ್ರೆ ಏಪ್ರಿಲ್‌ನಿಂದ ಕೆಲಸಕ್ಕೆ ಹೋಗ್ತೀನಿ. ಭಾನುವಾರ ಲೀಗ್ ಆಡ್ತೀನಿ."

"ಸರಿ," ಎನ್ನುತ್ತಾಳೆ ಅಕ್ಕ. "ಆಯ್ಕೆಯಾದ್ರೂ ಸರಿ, ಆಗದಿದ್ರೂ ಸರಿ, ಏಪ್ರಿಲ್‌ನಿಂದ ನನ್ನ ಸಿ.ಎ. ಫೀಸು ನಿಂದು."

ತಾಯಿ ಮಜ್ಜಿಗೆಯ ಪಾತ್ರೆಯನ್ನು ಕೆಳಗಿಟ್ಟು, ಹಾಲಿನ ಲೆಕ್ಕ ಬರೆಯುವ ಪೆನ್ಸಿಲನ್ನು ಗೋಡೆಯ ಕ್ಯಾಲೆಂಡರಿನ ಹಿಂದಿನಿಂದ ತೆಗೆದು ಮಗಳ ಕೈಗೆ ಕೊಡುತ್ತಾರೆ.